ಕರಡಿ ಉಳಿಯದ ದಿನ ಬಂದ ಫೋನು

ಬಾವಿಯಿಂದ ಮೇಲೆತ್ತಿದ ಕರಡಿ ಬಲೆಯಲ್ಲೇ ಕಣ್ಣು ಮುಚ್ಚಿತ್ತು. ಗಂಗಾವತಿ ಕಡೆಯ ಆ ಹೊಲದಲ್ಲಿ ಸೇರಿದ್ದ ಜನ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. "ಇವರ ಕೈಲೆ ಏನೂ ಆಗಂಗಿಲ್ಲ ಬಿಡ್ರಿ" ಎಂದು ಒಬ್ಬರು ನನಗೆ ಕೇಳುವಂತೆಯೇ ಅಂದರು. ಅರಣ್ಯ ರಕ್ಷಕಿಯಾದ ನಾನು ಬೇವಿನ ನೆರಳಿಗೆ ಹೋಗಿ ಕೂತು, ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ "ಕರಡಿ ಉಳೀಲಿಲ್ಲ" ಎಂದಷ್ಟೇ ಹಾಕಿದೆ.

ಜಿಲ್ಲೆಯ ಅರಣ್ಯ ಸಿಬ್ಬಂದಿ, ಪಶುವೈದ್ಯರು, ತೋಳಗಳ ಅಧ್ಯಯನ ಮಾಡುವವರು ಕೂಡಿ ಆಗಷ್ಟೇ ಕಟ್ಟಿಕೊಂಡಿದ್ದ ಗ್ರೂಪು ಅದು. ಬಹುತೇಕರ ಮುಖವನ್ನೇ ನಾನು ನೋಡಿರಲಿಲ್ಲ. ಬಲೆ ತಡವಾಯಿತೇ, ಅರಿವಳಿಕೆ ಹೆಚ್ಚಾಯಿತೇ ಎಂದು ಈಗ ಎಲ್ಲರೂ ಕೇಳುತ್ತಾರೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಗ್ರೂಪಿನಲ್ಲಿದ್ದ ಯಲಬುರ್ಗಾದ ಹಿರಿಯ ಪಶುವೈದ್ಯರೊಬ್ಬರ ಫೋನು ಬಂತು.

"ಊಟ ಆತೇನವಾ?"

ಬಿಕ್ಕಿಬಿಟ್ಟೆ. ಅವರು ಫೋನು ಇಡಲಿಲ್ಲ. "ಅತ್ತುಬಿಡು. ನನ್ನ ಕೈಯಾಗೂ ಪ್ರಾಣಿ ಹೋಗ್ಯಾವ. ಅವತ್ತು ನನ್ನ ಯಾರೂ ಕೇಳಿರಲಿಲ್ಲ. ಡಬ್ಬಿ ತೆಗಿ, ನೀ ಉಣ್ಣೂತನಕ ನಾ ಲೈನಿನಾಗ ಇರ್ತೀನಿ."

ರೊಟ್ಟಿ ಮುರಿದೆ. ತುತ್ತು ತುತ್ತಾಗಿ ಉಂಡೆ. ಡಬ್ಬಿ ಖಾಲಿಯಾಗುವಷ್ಟರಲ್ಲಿ ಎದೆ ಹಗುರಾಗಿತ್ತು.

ಈಗ ಗ್ರೂಪಿನಲ್ಲಿ ಅದೇ ರೂಢಿ. ಮೊದಲು ಊಟ ಆಯಿತೇ ಎಂದು ಕೇಳುವುದು, ಸಾವಿನ ಕಾರಣ ಏನಿದ್ದರೂ ಆಮೇಲೆ. ಮೊನ್ನೆ ಕುಷ್ಟಗಿಯ ಸಹೋದ್ಯೋಗಿಯೊಬ್ಬರು "ತೋಳ ಉಳೀಲಿಲ್ಲ" ಎಂದು ಬರೆದರು. ಕೂಡಲೇ ಫೋನು ಮಾಡಿ "ಊಟ ಆತೇನ್ರಿ?" ಎಂದೆ. ತುಸು ಹೊತ್ತಿನಲ್ಲೇ ಆ ಕಡೆಯಿಂದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.