ಗಂಜಿ ಹಾಕಿದ ಪ್ಯಾರಾಚೂಟ್

1961ರಲ್ಲಿ, ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾದಾಗ, ನಾನು ಭಾಲ್ಕಿಯಲ್ಲಿ ಅಪ್ಪನ ಟೇಲರ್ ಅಂಗಡಿ ನೋಡಿಕೊಳ್ಳುತ್ತಿದ್ದೆ. ನಾನು ಓದಿದ್ದು ಉರ್ದು ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಕನ್ನಡ ಬರೆಯಲು ಕಲಿಸಿದವಳು ತಂಗಿ ಶಾಂತಾ. ಅವಳು ಆಗ ಮೆಟ್ರಿಕ್‌ನಲ್ಲಿದ್ದಳು.

ಮನುಷ್ಯ ಮೊದಲ ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದ ವರ್ಷ ಅದು. ಬೀದರಿನಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಏರ್ಪಟ್ಟಿತು. ಅಪ್ಪ ಶಾಂತಾಗೆ ಒಂದೇ ಮಾತು ಹೇಳಿದರು: “ಇನಾಮು ಬಂದ್ರ ಗುಲ್ಬರ್ಗಾ ಕಾಲೇಜು. ಇಲ್ಲಾಂದ್ರ ಔರಾದ ಸಂಬಂಧ ಪಕ್ಕಾ.”

ಅವಳು ಕ್ಯಾಪ್ಸೂಲಿನ ಮಾದರಿ ಮಾಡಿದಳು. ಅಂದರೆ ಗಗನಯಾತ್ರಿ ಕೂರುವ, ರೆಕ್ಕೆ ಇಲ್ಲದ ಗೂಡು. ಗಾಳಿಯನ್ನು ಸೀಳಿ ಇಳಿಯುವಾಗ ಏಳುವ ಬೆಂಕಿಯಂಥ ಬಿಸಿಯನ್ನು ಅದರ ಅಗಲ ತಳ ತಡೆಯುತ್ತದೆ. ಕೊನೆಗೆ ಪ್ಯಾರಾಚೂಟ್ ಮೆಲ್ಲಗೆ ನೆಲಕ್ಕಿಳಿಸುತ್ತದೆ. ರೆಕ್ಕೆಯ ನೌಕೆಯಾದರೆ ವಿಮಾನದಂತೆ ಇಳಿದು ಮತ್ತೆ ಹಾರಬಹುದು ಎನ್ನುವವರೂ ಇದ್ದರು.

“ವಿಮಾನ ಬಿಟ್ಟು ಡಬ್ಬಿ ಯಾಕ ಹಿಡಕೊಂಡಿ?” ಎಂದು ಕಾಡಿದೆ.

“ನಿನ್ನ ಮಿಶಿನ್ ಹೊಲಿಗಿ ಚಂದ ಅದ ಅಣ್ಣಾ. ಆದ್ರ ಗುಂಡಿ ಕೈಲೆ ಹಚ್ತೀ ಯಾಕ? ಗಟ್ಟಿ ಇರ್ಲಿ ಅಂತ ಹೌದಲ್ಲೊ?”

ತಗಡಿನ ಡಬ್ಬಿ, ಒಳಗೆ ಗಗನಯಾತ್ರಿಯ ಬದಲು ಮಣ್ಣಿನ ಹಣತೆ, ಮೇಲೆ ನಾನು ಹೊಲಿದ ಮಲ್‌ಮಲ್ ಪ್ಯಾರಾಚೂಟ್. ಮಾಳಿಗೆಯಿಂದ ಏಳು ಸಲ ಬಿಟ್ಟಳು. ಏಳು ಸಲವೂ ಹಣತೆ ಉಳಿಯಿತು.

ಹೊರಡುವ ಹಿಂದಿನ ಮಧ್ಯಾಹ್ನ, ಪ್ಯಾರಾಚೂಟಿನ ಬಟ್ಟೆ ತೋರಿಸಿ, “ಅರಿವಿ ಮುಟ್ಟಬ್ಯಾಡ” ಎಂದು ಹೇಳಿಯೇ ಶಾಲೆಗೆ ಹೋದಳು. ಆದರೆ ಗಂಜಿ, ಇಸ್ತ್ರಿ ಇಲ್ಲದೆ ನಮ್ಮ ಅಂಗಡಿಯಿಂದ ಒಂದು ರುಮಾಲೂ ಹೊರಗೆ ಹೋಗುತ್ತಿರಲಿಲ್ಲ. ಅಧಿಕಾರಿಗಳ ಮುಂದೆ ಮುದುಡಿದ ಬಟ್ಟೆ ಬಿಚ್ಚಿಕೊಂಡರೆ ನನ್ನ ಮರ್ಯಾದೆ ಏನಾದೀತು? ಗಂಜಿಯಲ್ಲಿ ಅದ್ದಿದೆ. ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿ, ಎಂಟು ಮಡಿಕೆ ಮಡಚಿ, ಡಬ್ಬಿಯ ಮೇಲ್ಭಾಗದಲ್ಲಿ ಮೊದಲಿನಂತೆ ಇಟ್ಟು ಮುಚ್ಚಿದೆ.

ಮರುದಿನ ಅಪ್ಪನೂ ನಾನೂ ಅವಳ ಜೊತೆ ಬೀದರಿಗೆ ಹೋದೆವು. ಅಲ್ಲಿನ ಹುಡುಗರ ರೆಕ್ಕೆಯ ನೌಕೆ ತಂತಿಯ ಮೇಲೆ ಸರ್ರನೆ ಜಾರಿ ಇಳಿದು ಚಪ್ಪಾಳೆ ಪಡೆಯಿತು. ನಮ್ಮದನ್ನು ಕಂಡು ಶಾಲಾ ಇನ್‌ಸ್ಪೆಕ್ಟರ್ ನಕ್ಕರು: “ಏನವಾ, ಇದು ಉಪ್ಪಿನಕಾಯಿ ಭರಣಿನೋ?”

“ಹೌದ್ರಿ ಸರ್. ಒಳಗಿನ ಮನುಷ್ಯಾ ಕೆಡಬಾರದಲ್ರಿ,” ಎಂದಳು ಶಾಂತಾ.

ಶಾಲೆಯ ಮೇಲ್ಮಹಡಿಯಿಂದ ಬಿಟ್ಟಳು. ಪ್ಯಾರಾಚೂಟ್ ಬಿಚ್ಚಿಕೊಳ್ಳಲೇ ಇಲ್ಲ. ಡಬ್ಬಿ ಕಲ್ಲಿನಂತೆ ಬಿತ್ತು, ಹಣತೆ ಚೂರಾಯಿತು. “ರೆಕ್ಕಿ ಇರಬೇಕಿತ್ತು ನೋಡ್ರಿ,” ಎಂದು ಇನ್‌ಸ್ಪೆಕ್ಟರ್ ಮುಂದೆ ನಡೆದರು.

ಓಡಿ ಬಂದ ಶಾಂತಾ ಬಟ್ಟೆ ಎತ್ತಿ, ಅಂಟಿದ ಮಡಿಕೆಯನ್ನು ಬೆರಳಲ್ಲಿ ತಿಕ್ಕಿದಳು. ನನ್ನ ಮುಖ ನೋಡಿದಳು. ಪಕ್ಕದಲ್ಲಿದ್ದ ಅಪ್ಪ ಕೇಳಿದರು, “ಏನಾತವಾ?”

“ನನ್ನ ಲೆಕ್ಕ ತಪ್ಪಿತು ಅಪ್ಪಾ.”

ನಾನು ಬಗ್ಗಿ ಹಣತೆಯ ಚೂರು ಆರಿಸತೊಡಗಿದೆ.

ಎರಡು ತಿಂಗಳಿಗೆ ಅವಳನ್ನು ಔರಾದಿಗೆ ಕೊಟ್ಟರು. ಮದುವೆಯ ಕುಪ್ಪಸ ಹೊಲಿದವನೂ ನಾನೇ.

ಹದಿನೈದು ವರ್ಷಗಳ ನಂತರ, ಅಪ್ಪ ತೀರಿಕೊಂಡ ಮೇಲೆ, ಔರಾದಿಗೆ ಹೋಗಿ, ಗಂಜಿ ಹಾಕಿದವನು ನಾನೇ ಎಂದು ಬಾಯಿ ಬಿಟ್ಟೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತು ಅಣ್ಣಾ. ನಾ ಹೇಳಿದ್ರ ಅಪ್ಪ ಮಂದಿ ಮುಂದ ನಿನ್ನ ಹೊಡೀತಿದ್ರು. ಬಸ್ಸಿನಾಗ ಭಾಲ್ಕಿ ಬರೋತನ ದಾರಿ ನೋಡಿದೆ, ನೀನೇ ಹೇಳ್ತೀ ಅಂತ.”

ಬಟ್ಟೆ ಕೆಡಿಸಿದಾಗ ಗಿರಾಕಿ ಕೇಳುವ ಮೊದಲೇ “ನಾನೇ ಕೆಡಿಸೀನ್ರಿ” ಎಂದು ಒಪ್ಪಿಕೊಳ್ಳುವುದನ್ನು ಈ ಕಸುಬಿನಲ್ಲಿ ಆಮೇಲೆ ಕಲಿತೆ. ಎಷ್ಟೋ ಜನರಿಗೆ ಹೇಳಿದ್ದೇನೆ. ಯಾರೂ ನನ್ನನ್ನು ಹೊಡೆಯಲಿಲ್ಲ. ಅಪ್ಪ ಮಾತ್ರ, ಮಗಳಿಗೆ ಲೆಕ್ಕ ಬರುವುದಿಲ್ಲ ಎಂದು ನಂಬಿಕೊಂಡೇ ಹೋದರು.