ಅತ್ತೆ ನೋಡದ ಜಲಪಾತ

ತೆಲುಗು ಸೀಮೆಯ ಕುಷಾಯಿಗೂಡಕ್ಕೆ ಬಂದು ಹನ್ನೊಂದು ವರ್ಷವಾದರೂ ನಮ್ಮತ್ತೆ ತೆಲುಗು ಕಲಿತಿರಲಿಲ್ಲ. ಬೇಕಾದವರು ತಮ್ಮ ಕನ್ನಡವನ್ನೇ ಕಲಿಯುತ್ತಾರೆ ಎಂಬುದು ಅವರ ನಂಬಿಕೆ. ತರಕಾರಿಯವನು ಕಲಿತೂ ಇದ್ದ.

ಒಂದು ದಸರಾ ರಜೆಯಲ್ಲಿ ನಮ್ಮ ಮನೆಯವರು ಕಾರ್ಖಾನೆಯ ಗೆಳೆಯರ ಕಾರು ಕೇಳಿ ತಂದರು. ಶ್ರೀಶೈಲದ ದಾರಿಯಲ್ಲಿ, ನಲ್ಲಮಲ ಕಾಡಿನೊಳಗಿರುವ ಮಲ್ಲೆಲ ತೀರ್ಥಂ ಜಲಪಾತಕ್ಕೆ ಹೊರಟೆವು. ಮಳೆಗಾಲ ಆಗಷ್ಟೇ ಮುಗಿದಿತ್ತು. ದಾರಿಯುದ್ದಕ್ಕೂ ಚಪಾತಿ, ಶೇಂಗಾ ಚಟ್ನಿ ಹಂಚುತ್ತ ಅತ್ತೆ ಹುರುಪಿನಲ್ಲೇ ಇದ್ದರು. ಜಲಪಾತ ನೋಡಲು ಕಣಿವೆಗೆ ನೂರಾರು ಮೆಟ್ಟಿಲಿಳಿಯಬೇಕೆಂದು ಗೊತ್ತಾದ ಕೂಡಲೇ ಒಂದು ಮರದ ಬುಡದಲ್ಲಿ ಕುಳಿತುಬಿಟ್ಟರು.

“ನೀರು ಮ್ಯಾಲಿಂದ ಕೆಳಗ ಬೀಳತಾವು. ಅದರಾಗ ನೋಡೂದೇನೈತಿ? ಕೆಳಗಿಂದ ಮ್ಯಾಲೆ ಹೋಗತಾವಂದ್ರ ಹೇಳು, ಬರ್ತೀನಿ.”

“ಮೊಣಕಾಲು ನೋಯಾಕತ್ತಾವೇನ್ರಿ?” ಎಂದೆ.

“ನನ್ನ ಮೊಣಕಾಲಿಗೇನಾಗೇತಿ? ಚೀಲ ಕಾಯಾಕ ಯಾರರ ಬೇಕಲ್ಲ.”

ನಾವಿಬ್ಬರೇ ಇಳಿದೆವು. “ನೋಡಿ ಹೆಜ್ಜಿ ಇಡು, ಜಾರತೈತಿ” ಎಂದು ನಮ್ಮ ಮನೆಯವರು ಮೆಟ್ಟಿಲು ಮೆಟ್ಟಿಲಿಗೂ ನನ್ನನ್ನು ಎಚ್ಚರಿಸುತ್ತಿದ್ದರು. ಬಂಡೆಯ ತುದಿಯಿಂದ ನೀರು ಎಳೆ ಎಳೆಯಾಗಿ ಬೀಳುವುದು ಕಂಡ ಹೊತ್ತಿಗೆ ತಾವೇ ಜಾರಿ, ಸೊಂಟದವರೆಗೆ ನೀರಿನಲ್ಲಿ ಕುಳಿತರು. ಕ್ಯಾಮೆರಾ ಹಿಡಿದ ಕೈ ಮಾತ್ರ ಮೇಲಿತ್ತು. “ಮೊದಲ ಇದನ್ನ ಹಿಡಕೋ” ಎಂದರು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ತುಂಬಿ, ಜಲಪಾತ ಸರಿಯಾಗಿ ಕಾಣಲೇ ಇಲ್ಲ.

ಏದುಸಿರು ಬಿಡುತ್ತ ಹತ್ತಿ ಬಂದರೆ ಮರದ ಕೆಳಗೆ ಚೀಲಗಳು ಮಾತ್ರ ಇದ್ದವು. ನಮ್ಮ ಮನೆಯವರು ಒದ್ದೆ ಪ್ಯಾಂಟಿನಲ್ಲೇ ಹುಡುಕುತ್ತ ಓಡಿದರು. ಅತ್ತೆ ಅಷ್ಟು ದೂರದಲ್ಲಿ, ಸೀತಾಫಲದ ಬುಟ್ಟಿಯ ಹಿಂದೆ ಚಕ್ಕಳ ಬಕ್ಕಳ ಹಾಕಿ ಕುಳಿತು ವ್ಯಾಪಾರ ನಡೆಸಿದ್ದರು.

“ಒತ್ತಿ ನೋಡಬ್ಯಾಡ್ರಿ, ಹಣ್ಣು ಕೆಡತೈತಿ. ನಾ ಆರಿಸಿ ಕೊಡ್ತೀನಿ” ಎಂದು ಗಿರಾಕಿಗೆ ಗದರಿಸುತ್ತಿದ್ದರು. ಆ ತೆಲುಗಿನವರೂ ಕೈ ಹಿಂದೆಗೆದು ದುಡ್ಡು ಎಣಿಸುತ್ತಿದ್ದರು.

“ಚೀಲ ಅಲ್ಲೇ ಬಿಟ್ಟು ಬಂದೀರಲ್ರಿ?” ಎಂದೆ.

“ಅವೇನು ಓಡಿ ಹೋಗತಾವೇನು? ಈ ಬುಟ್ಟಿಯಾಕಿ ನೀರು ತರಾಕ ಹೋಗ್ಯಾಳ. ಬುಟ್ಟಿ ನೋಡವರು ಯಾರು?”

ಅಷ್ಟರಲ್ಲಿ ಹಣ್ಣಿನಾಕೆ ಕೊಡ ಹೊತ್ತು ಒಳದಾರಿಯಿಂದ ಬಂದಳು. ಜಲಪಾತದ ನೀರನ್ನು ಅತ್ತೆಯ ಬೊಗಸೆಗೆ ಸುರಿದಳು. ಅತ್ತೆ ಕುಡಿದು, ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡರು. ಹೊರಡುವಾಗ ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು.

ಕಾರಿನಲ್ಲಿ ಅತ್ತೆಯ ವರದಿ ಶುರುವಾಯಿತು. ಆಕೆಯ ಮಗಳು ಈಗ ಆರು ತಿಂಗಳ ಬಸುರಿ. ಬೇಸಿಗೆಯಲ್ಲಿ ಜಲಪಾತದ ಬುಡದ ಮಡುವಿಗೆ ಹುಲಿ ನೀರು ಕುಡಿಯಲು ಬರುತ್ತದೆ. ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಟ್ಟಿದೆ.

“ಆಕಿ ತೆಲುಗು ನಿಮಗ ಹೆಂಗ ತಿಳೀತ್ರಿ?” ಎಂದೆ.

“ಆಕಿ ತೆಲುಗು ಎಲ್ಲಿ ಮಾತಾಡಿದ್ಲು?” ಎಂದರು ಅತ್ತೆ.

ಮರುದಿನ ಮೇಲಿನ ಮಹಡಿಯ ಮನೆಯಾಕೆ, ವಿಜಾಪುರದ ಬಾಯಿಯವರು, ಬಂದಾಗ ಅತ್ತೆ ಸೀತಾಫಲ ಕೊಟ್ಟು, ಜಲಪಾತವನ್ನು ತುದಿಯಿಂದ ಬುಡದವರೆಗೆ ಬಣ್ಣಿಸಿದರು. “ಭಾಳ ಥಂಡಿ ನೀರ್ರಿ. ಹಲ್ಲು ಜುಮ್ಮಂತಾವು.” ಅದು ಸುಳ್ಳೇನೂ ಆಗಿರಲಿಲ್ಲ.

ಬಾಯಿಯವರು ಅಡುಗೆಮನೆಯತ್ತ ತಿರುಗಿ ನನ್ನನ್ನು ಕೇಳಿದರು: “ಹೌದೇನ್ರಿ, ಬಂಡೆಗಲ್ಲಿನ ಸಂದ್ಯಾಗ ಅಷ್ಟು ದೊಡ್ಡ ಜೇನು ಐತಿ?”

ನಾನು ಅಲ್ಲಿ ಕಂಡದ್ದು ನೀರಲ್ಲಿ ಕುಳಿತ ಗಂಡನನ್ನು ಮಾತ್ರ.

“ಹೌದ್ರಿ,” ಎನ್ನುತ್ತ ಚಹಾ ಸೋಸಿದೆ. “ಭಾಳ ದೊಡ್ಡದೈತಿ.”