ಬಿಚ್ಚದೆ ಇಟ್ಟ ಪಾಕೀಟು

ಚಾಚಾ ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆಯ ಬಿಸಿಗೆ ಸುಟ್ಟು ಸುಟ್ಟು ಚರ್ಮ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. "ಸರಕಾರದ ಪ್ರಕಾರ ನಾ ಹುಟ್ಟೇ ಇಲ್ರಿ," ಎಂದು ನಗುತ್ತಿದ್ದರು. ಅದೇ ಬೆರಳನ್ನು ಲ್ಯಾಪ್‌ಟಾಪಿನ ಅಡಿಗೆ ಒತ್ತಿ, ಅದು ಎಷ್ಟು ಕಾದಿದೆ ಎಂದು ಹೇಳಿಬಿಡುತ್ತಿದ್ದರು.

ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಎಲ್ಲರಿಗೂ ಅವರು ಚಾಚಾ. ತಿಕೋಟಾ, ಬಬಲೇಶ್ವರದ ಫೋಟೋದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು, ನನ್ನ ಅಕ್ಕನೂ. ಅಕ್ಕ ತಿಕೋಟಾದಲ್ಲಿ ಮದುವೆಗಳ ಫೋಟೋ ತೆಗೆದು, ಮನೆಯಲ್ಲೇ ಕುಳಿತು ಆಲ್ಬಂ ಮಾಡುತ್ತಿದ್ದಳು. ನಮ್ಮ ಮನೆ ನಡೆಯುತ್ತಿದ್ದದ್ದೇ ಅವಳ ಆ ಒಂದು ಲ್ಯಾಪ್‌ಟಾಪಿನಿಂದ.

ಚಾಚಾ ಅವರದೊಂದು ಪದ್ಧತಿ ಇತ್ತು. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಖಾಕಿ ಪಾಕೀಟಿನಲ್ಲಿ ಹಾಕಿ, ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದು ಚೀಟಿ ಬರೆದು ಒಳಗಿಟ್ಟು, ಪಿನ್ ಹೊಡೆದು ಗಿರಾಕಿಗೆ ಕೊಡುತ್ತಿದ್ದರು. "ಒಳಗ ನಾ ಏನ ಮಾಡೀನಿ ಅನ್ನೂದು ನಿಮಗ ಕಾಣೂದಿಲ್ಲ. ಕಾಣೂವಂಗ ಕೊಡೂದು ನನ್ನ ಕೆಲಸ," ಎನ್ನುತ್ತಿದ್ದರು. ಊರವರು ಅವರನ್ನು ನಂಬಿದ್ದೇ ಆ ಪಾಕೀಟಿನಿಂದ.

ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದ ದಂಡಪಿಂಡ. ಅಕ್ಕ ಫೋಟೋ ತೆಗೆಯಲು ಹೊರಟ ಕೂಡಲೇ ಅವಳ ಲ್ಯಾಪ್‌ಟಾಪನ್ನು ಹಾಸಿಗೆಯ ಕೌದಿಯ ಮೇಲಿಟ್ಟು ಗುಂಡು ಹಾರಿಸುವ ಆಟಕ್ಕೆ ಕೂಡುತ್ತಿದ್ದೆ. ಬೇಸಿಗೆಯಲ್ಲಿ ಅದು ಮುಟ್ಟಲಾರದಷ್ಟು ಕಾಯುತ್ತಿತ್ತು. ನನ್ನ ಜಾಣತನ ನೋಡಿ, ನೀರಿನ ಕೂಲರನ್ನು ಎಳೆದು ತಂದು ಅದರ ಮುಂದೆಯೇ ಹಚ್ಚಿಟ್ಟೆ. ತಿಂಗಳೊಳಗೆ ಲ್ಯಾಪ್‌ಟಾಪು ಗೊರಗೊರ ಎನ್ನುತ್ತಾ ತಾನಾಗಿಯೇ ಬಂದ್ ಆಗತೊಡಗಿತು. ರಿಪೇರಿಗೆ ಅಕ್ಕ ನನ್ನನ್ನೇ ಕಳಿಸಿದಳು.

ಚಾಚಾ ಮೊದಲು ಕೀಲಿಮಣೆ ನೋಡಿದರು. "ಈ ನಾಕ ಅಕ್ಷರ ಅಷ್ಟ ಸವದಾವಲ್ಲ, ತಮ್ಮಾ. ಆಲ್ಬಂ ಮಾಡಿದ್ರ ಹಿಂಗ ಸವೆಯೂದಿಲ್ಲ," ಎಂದರು. ಆಟದಲ್ಲಿ ಓಡಲು ನಾನು ಒತ್ತುತ್ತಿದ್ದದ್ದು ಆ ನಾಲ್ಕನ್ನೇ. ಬಿಚ್ಚಿದಾಗ ಫ್ಯಾನಿನ ತುಂಬ ಕೆಸರು. "ಕೂಲರಿನ ಹಸಿ ಗಾಳಿ, ನಮ್ಮೂರ ಧೂಳ ಕೂಡಿ ಹಿಂಗಾಗೈತಿ. ಆಡೂದು ತಪ್ಪಲ್ಲ. ಆದ್ರ ಕೌದಿ ಮ್ಯಾಲ ಇಟ್ರ ಅದಕ್ಕ ಉಸಿರ ಎಲ್ಲಿಂದ ಬರಬೇಕು? ಒಂದ ದಿನ ಕಾದ್ರ ಏನೂ ಆಗೂದಿಲ್ಲ. ದಿನಾ ಕಾದು ದಿನಾ ಆರಿದ್ರ ಒಳಗಿನ ಬೆಸುಗಿ ಬಿಡತೈತಿ. ಎಂಟ ವರ್ಷ ಬಾಳೂದು ಮೂರಕ್ಕ ಹೋಗತೈತಿ."

ಫ್ಯಾನ್ ಬದಲಿಸಿ, ಹಳೆಯದನ್ನು ಪಾಕೀಟಿನಲ್ಲಿ ಹಾಕಿ, ಚೀಟಿ ಬರೆದು ಪಿನ್ ಹೊಡೆದರು. "ಅಕ್ಕಾರ ಕೈಯಾಗ ಕೊಡು," ಎಂದರು.

ನಾನು ಕೊಡಲಿಲ್ಲ. ಚೀಟಿಯಲ್ಲಿ ನನ್ನ ಆಟದ ವಿಷಯ ಬರೆದಿದ್ದಾರೆಂದು ಹೆದರಿ, ಪಾಕೀಟನ್ನು ಬಿಚ್ಚದೆ ಹಳೆಯ ಕಾಲೇಜು ಚೀಲದ ತಳಕ್ಕೆ ತುರುಕಿದೆ. ಅಕ್ಕ ಕೇಳಿದಾಗ, ಈ ಸಲ ಚಾಚಾ ಪಾಕೀಟು ಕೊಡಲಿಲ್ಲ ಎಂದೆ. ಮರುದಿನದಿಂದ ಮತ್ತೆ ಆಟ, ಅದೇ ಕೌದಿ.

ನಾಲ್ಕು ತಿಂಗಳಿಗೆ ಲ್ಯಾಪ್‌ಟಾಪು ಪೂರ್ತಿ ಸತ್ತಿತು. ಬಬಲೇಶ್ವರದವರ ಮದುವೆ ಆಲ್ಬಂ ಅರ್ಧಕ್ಕೆ ನಿಂತು, ಅವರು ಅಕ್ಕನಿಗೆ ಬಾಯಿಗೆ ಬಂದಂತೆ ಅಂದಿದ್ದರು. ಆ ಸಿಟ್ಟನ್ನೆಲ್ಲ ಅವಳು ಚಾಚಾ ಅವರ ಅಂಗಡಿಗೆ ಹೊತ್ತುಕೊಂಡು ಹೋದಳು. ಜೊತೆಗೆ ನಾನೂ ಇದ್ದೆ. ಅಂಗಡಿಯಲ್ಲಿ ನಾಲ್ಕೈದು ಜನ ಫೋಟೋದವರಿದ್ದರು.

"ಎಲ್ಲಾರಿಗೂ ಪಾಕೀಟ ಕೊಡ್ತೀರಿ, ನಮಗ ಯಾಕ ಕೊಡಲಿಲ್ರಿ? ನಮ್ಮ ಚಲೋ ಸಾಮಾನ ತಗದ ಇಟ್ಕೊಂಡ್ರಿ, ಹೌದಲ್ರಿ?"

ಚಾಚಾ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

"ಕೊಡೂದು ಮರತಿರಬೇಕ್ರಿ, ಅಕ್ಕಾರ," ಎಂದರು.

ಅಷ್ಟು ಸಾಕಾಯಿತು. ಚಾಚಾ ಸಾಮಾನು ಕದಿಯುತ್ತಾರೆಂಬ ಮಾತು ಫೋಟೋದವರ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ತಿಕೋಟಾದವರು ಬಿಟ್ಟರು, ಆಮೇಲೆ ಬಬಲೇಶ್ವರದವರೂ ಬಿಟ್ಟರು. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿ, ಬೇರೆ ಯಾರದೋ ಅಂಗಡಿಯ ಮೂಲೆಯಲ್ಲಿ ಮೊಬೈಲ್ ಗಾಜು ಹಾಕುತ್ತ ಕುಳಿತರು. ಒಮ್ಮೆ ಅವರನ್ನು ಕಂಡು ನಾನು ರಸ್ತೆ ದಾಟಿ ಆ ಬದಿಗೆ ಹೋದೆ. ನನ್ನಂಥ ಹೇಡಿಗೆ ಕಾಲುಗಳಾದರೂ ಚುರುಕಾಗಿದ್ದವು.

ಕಳೆದ ತಿಂಗಳು ಚಾಚಾ ತೀರಿಕೊಂಡ ಸುದ್ದಿ ಅದೇ ಗುಂಪಿನಲ್ಲಿ ಬಂತು. "ಮೋಸ ಮಾಡಿದ್ರು ಖರೆ, ಆದ್ರೂ ಪಾಪ," ಎಂದಳು ಅಕ್ಕ. ನಾನು ಎದ್ದು ಹೋಗಿ ಹಳೆಯ ಚೀಲ ಹುಡುಕಿದೆ. ತುಕ್ಕು ಹಿಡಿದ ಪಿನ್ ಕಿತ್ತು, ಮೊದಲ ಸಲ ಆ ಚೀಟಿ ಓದಿದೆ.

"ಧೂಳು ತುಂಬಿ ಫ್ಯಾನ್ ಹೋಗಿತ್ತು. ಹೊಸದು ಹಾಕಿದೆ."

ಆಟದ ಮಾತೇ ಇರಲಿಲ್ಲ. ಪಾಕೀಟನ್ನು ಅಕ್ಕನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಫ್ಯಾನನ್ನು ಅಂಗೈಯಲ್ಲಿ ಹಿಡಿದು ಚೀಟಿ ಓದಿದಳು. ಆಮೇಲೆ ಫೋನ್ ತೆಗೆದುಕೊಂಡು ಗುಂಪಿನಲ್ಲಿ ಬರೆದಳು: "ಚಾಚಾ ಪಾಕೀಟ ಕೊಟ್ಟಿದ್ರು. ನಾನ ಎಲ್ಲೋ ಇಟ್ಟ ಮರತಿದ್ದೆ. ತಪ್ಪ ನಂದು."

ನನ್ನ ಹೆಸರನ್ನು ಅವಳೂ ಬರೆಯಲಿಲ್ಲ.